ಶನಿವಾರ ಯೂಬಿ ಗ್ರಾಟ್ ಒಂದೇ ದಿನದಲ್ಲಿ ಮುಗಿಸೋ ಪ್ಲಾನ್, ಮಧ್ಯಾಹ್ನದ ಮೇಲೆ ಹವಾಮಾನ ಕೆಡುತ್ತಂತೆ – ಹೋಗ್ಬಹುದಾ?

ಮಲೆನಾಡ_ಮಳೆ · ಗುರುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವಳು, ಆರು ವರ್ಷದಿಂದ ಮ್ಯೂನಿಕ್‌ನಲ್ಲಿದ್ದೀನಿ, ಹಗ್ಗ ಕಟ್ಟೋದು ಬಂಡೆ ಹತ್ತೋದು ಎಲ್ಲಾ ಇಲ್ಲಿಗೆ ಬಂದ್ಮೇಲೇ ಕಲ್ತಿದ್ದು. ಈ ಶನಿವಾರ ಯುಬಿಲೆಯೂಮ್ಸ್‌ಗ್ರಾಟ್ ಮಾಡ್ಬೇಕು ಅಂತಿದೀವಿ, ಇಲ್ಲಿ ಎಲ್ಲರೂ ಚಿಕ್ಕದಾಗಿ ಯೂಬಿ ಅಂತಾರೆ. ಗೊತ್ತಿಲ್ಲದವ್ರಿಗೆ ಹೇಳೋದಾದ್ರೆ ಜರ್ಮನಿಯ ಅತಿ ಎತ್ತರದ ಬೆಟ್ಟ ತ್ಸುಗ್‌ಶ್ಪಿಟ್ಸೆ ಇದ್ಯಲ್ಲ (2962 ಮೀಟರ್), ಅದರ ನೆತ್ತಿಯಿಂದ ಪೂರ್ವಕ್ಕೆ ಆಲ್ಪ್‌ಶ್ಪಿಟ್ಸೆವರೆಗೆ ಸುಮಾರು 8 ಕಿಲೋಮೀಟರ್ ಬರೀ ಏಣು, ಅಂದ್ರೆ ಬೆಟ್ಟದ ಚೂಪು ಬೆನ್ನು. ಎಡಗಡೆ ಹ್ಯೋಲೆನ್‌ಟಾಲ್ ಕಣಿವೆ, ಬಲಗಡೆ ರೈನ್‌ಟಾಲ್ ಕಣಿವೆ, ಮಧ್ಯದಲ್ಲಿ ಕೆಲವು ಕಡೆ ಎರಡು ಅಡಿ ಅಗಲದ ಸುಣ್ಣಕಲ್ಲು. ಅಲ್ಲಲ್ಲಿ ತಂತಿ ಹಗ್ಗ ಬಿಗಿದಿದಾರೆ, ಆದ್ರೆ ತುಂಬಾ ಕಡೆ ಏನೂ ಇಲ್ಲ, ಮೂರನೇ ಗ್ರೇಡ್‌ವರೆಗೂ ಬರಿಗೈಲಿ ಹತ್ತಿ ಇಳೀಬೇಕು. ಏಣಿನ ಮೇಲೆ ಒಂದು ತೊಟ್ಟು ನೀರು ಸಿಗಲ್ಲ.

ಪ್ಲಾನ್ ಹೀಗಿದೆ. ಶುಕ್ರವಾರ ಸಂಜೆ ಕೊನೇ ಕೇಬಲ್ ಕಾರಲ್ಲಿ ಮೇಲೆ ಹೋಗಿ ಮ್ಯೂನ್‌ಶ್ನರ್ ಹೌಸ್‌ನಲ್ಲಿ ಮಲಗೋದು, ಶನಿವಾರ ಬೆಳಿಗ್ಗೆ 6:15ಕ್ಕೆ ಹೊರಡೋದು, ಒಂದು ಗಂಟೆಗೆಲ್ಲಾ ಆಲ್ಪ್‌ಶ್ಪಿಟ್ಸೆ ತಲುಪೋದು. ಹವಾಮಾನದವ್ರು ಹೇಳ್ತಿರೋದು ಬೆಳಿಗ್ಗೆ ಫ್ಯೋನ್ ಗಾಳಿ, ಆಕಾಶ ತಿಳಿ, ಮಧ್ಯಾಹ್ನ ಮೂರರ ಹೊತ್ತಿಗೆ ಪಶ್ಚಿಮದಿಂದ ಕೋಲ್ಡ್ ಫ್ರಂಟ್ (ಹವೆ ಕೆಡಿಸೋ ತಣ್ಣನೆ ಗಾಳಿಯ ಅಲೆ), ರಾತ್ರಿಗೆ 2200 ಮೀಟರ್‌ವರೆಗೂ ಹಿಮ. ಅಂದ್ರೆ ಎರಡು ಗಂಟೆ ಕೈಯಲ್ಲಿ ಉಳಿಯುತ್ತೆ. ಸೆಪ್ಟೆಂಬರ್ ಅರ್ಧ ಆಯ್ತು, ಇನ್ನೊಂದ್ಸಲ ಹಿಮ ಬಿದ್ರೆ ಈ ವರ್ಷಕ್ಕೆ ಮುಗೀತು. ಜೊತೆಗೆ ಬರೋನು ಮೈಸೂರಿನ ಹುಡುಗ, ನಮ್ಮ ಆಫೀಸಿನವನೇ, ನನಗಿಂತ ನಾಲ್ಕು ವರ್ಷ ಚಿಕ್ಕೋನು, ಗಟ್ಟಿಗ. ಬ್ಯಾಗ್ ಹಗುರ ಮಾಡಿ ಓಡೋಣ ಅಂತಿದಾನೆ. ನಿಮಗೇನನ್ಸುತ್ತೆ?

ತುರಹಳ್ಳಿ_ಬಂಡೆ · ಗುರುವಾರ ರಾತ್ರಿ 9:34

ಹೋಗಿ ಅಕ್ಕ!! ಸ್ಪೀಡೇ ಸೇಫ್ಟಿ. ಬೆಟ್ಟದ ಮೇಲೆ ಎಷ್ಟು ಕಡಿಮೆ ಹೊತ್ತು ಇರ್ತೀವೋ ಅಷ್ಟು ಕಡಿಮೆ ಅಪಾಯ, ಇದು ಸಿಂಪಲ್ ಲೆಕ್ಕ. ಸ್ವಿಟ್ಜರ್‌ಲ್ಯಾಂಡಿನ ಐಗರ್ ಬೆಟ್ಟದ ಉತ್ತರ ಗೋಡೆ 1938ರಲ್ಲಿ ಮೊದಲ ಸಲ ಹತ್ತಿದವ್ರಿಗೆ ನಾಲ್ಕು ದಿನ ಬೇಕಾಯ್ತು, ಕೊನೇಲಿ ಬಿರುಗಾಳಿಗೂ ಸಿಕ್ಕಿಬಿದ್ರು. ಅದೇ ಗೋಡೆನ ಸ್ವಿಸ್ ಆರೋಹಿ ಊಯೆಲಿ ಸ್ಟೆಕ್ 2015ರಲ್ಲಿ 2 ಗಂಟೆ 22 ನಿಮಿಷದಲ್ಲಿ ಮುಗಿಸ್ದ, ಬಿರುಗಾಳಿ ಬರೋಕೇ ಟೈಮ್ ಕೊಡ್ಲಿಲ್ಲ. ನೀವು ಬ್ಯಾಗಲ್ಲಿ ಹತ್ತು ಕೇಜಿ ಹೊತ್ಕೊಂಡು ಹೋದ್ರೆ ಎಂಟು ಗಂಟೆ, ನಾಲ್ಕು ಕೇಜಿಯಲ್ಲಿ ಹೋದ್ರೆ ಆರು ಗಂಟೆ. ಎರಡು ಲೀಟರ್ ನೀರು, ವಿಂಡ್‌ಚೀಟರ್, 30 ಮೀಟರ್ ಹಗ್ಗ, ಸಾಕು.

ಇನ್ಸ್‌ಬ್ರುಕ್_ವಾಸಿ · ಗುರುವಾರ ರಾತ್ರಿ 10:20

ನಾನು ಹದಿನಾಲ್ಕು ವರ್ಷದಿಂದ ಇನ್ಸ್‌ಬ್ರುಕ್‌ನಲ್ಲಿದ್ದೀನಿ, ಯೂಬಿ ಮೂರು ಸಲ ಮಾಡಿದೀನಿ, ಒಂದ್ಸಲ ಅರ್ಧಕ್ಕೇ ವಾಪಸ್ ಬಂದಿದೀನಿ. ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇರ್ಲಿ.

ಮೊದಲನೇದು ಫ್ಯೋನ್. ದಕ್ಷಿಣದಿಂದ ಆಲ್ಪ್ಸ್ ದಾಟಿ ಈ ಕಡೆ ಇಳಿಯೋ ಒಣ ಗಾಳಿ ಅದು, ಇಳೀತಾ ಇಳೀತಾ ಬಿಸಿಯಾಗುತ್ತೆ. ಫ್ಯೋನ್ ಇರೋ ದಿನ ನೂರು ಕಿಲೋಮೀಟರ್ ದೂರದ ಬೆಟ್ಟ ಕೈಗೆ ಸಿಗೋ ಹಂಗೆ ಕಾಣುತ್ತೆ, ಸೆಪ್ಟೆಂಬರ್‌ನಲ್ಲೂ ಟಿ-ಶರ್ಟ್‌ನಲ್ಲಿ ಓಡಾಡ್ಬಹುದು, ಇಷ್ಟು ಚೆನ್ನಾಗಿರೋ ದಿನ ಇನ್ನೊಂದಿಲ್ಲ ಅನ್ಸುತ್ತೆ. ಪಶ್ಚಿಮದಿಂದ ಬರೋ ಫ್ರಂಟನ್ನ ಅದು ಸ್ವಲ್ಪ ಹೊತ್ತು ತಡೆದು ನಿಲ್ಲಿಸಿರುತ್ತೆ ಅಷ್ಟೆ. ಯಾವಾಗ ಫ್ಯೋನ್ ಮುರಿದುಬೀಳುತ್ತೆ ಅಂತ ಗಂಟೆ ಲೆಕ್ಕದಲ್ಲಿ ಹೇಳೋದು ಭಾರಿ ಕಷ್ಟ, ಮುರಿದ ಮೇಲೆ ಅರ್ಧ ಗಂಟೆಯಲ್ಲಿ ಹತ್ತು ಡಿಗ್ರಿ ಇಳಿದಿದ್ದು ನಾನೇ ನೋಡಿದೀನಿ. ಅದಕ್ಕೇ ಮೂರು ಗಂಟೆ ಅಂತ ಬರೆದಿದ್ರೆ ಅದನ್ನ ಬಸ್ಸಿನ ಟೈಮ್ ಥರ ಓದ್ಬೇಡಿ. ನನ್ನ ಲೆಕ್ಕದಲ್ಲಿ ಹನ್ನೊಂದರಿಂದ ಆರರವರೆಗೆ ಯಾವಾಗ ಬೇಕಾದ್ರೂ ಬರ್ಬಹುದು.

ಎರಡನೇದು, ಏಣಿನ ಸ್ವಭಾವ. ಗೋಡೆ ಹತ್ತುವಾಗ ಕೆಟ್ಟರೆ ಹಗ್ಗ ಹಾಕಿ ಬಂದ ದಾರೀಲೇ ಇಳೀಬಹುದು. ಏಣು ಅಡ್ಡ ದಾಟೋದ್ರಲ್ಲಿ ಹಾಗಿಲ್ಲ, ಅರ್ಧ ದಾರೀಲಿ ಇದ್ದೀವಿ ಅಂದ್ರೆ ಮುಂದೂ ಅಷ್ಟೇ ದೂರ ಹಿಂದೂ ಅಷ್ಟೇ ದೂರ, ಎರಡೂ ಕಡೆ ಹತ್ತಿ ಇಳಿಯೋದೇ. ಯೂಬಿಯಲ್ಲಿ ನೆಟ್ಟಗೆ ಕೆಳಗಿಳಿಯೋ ದಾರಿ ಅಂತ ಇರೋದು ಶುರುವಿನಲ್ಲೊಂದು ಕೊನೇಲೊಂದು. ಮೊದಲನೇದು ಇನ್ನರೆ ಹ್ಯೋಲೆನ್‌ಟಾಲ್‌ಶ್ಪಿಟ್ಸೆಯಿಂದ (2741 ಮೀಟರ್) ದಕ್ಷಿಣಕ್ಕೆ ಬ್ರುನ್‌ಟಾಲ್‌ಗ್ರಾಟ್ ಅನ್ನೋ ಪಕ್ಕದ ಏಣು ಹಿಡಿದು ಕ್ನೋರ್‌ಹ್ಯೂಟೆ ಅನ್ನೋ ಗುಡಿಸಲಿಗೆ. ಅದನ್ನ ದಾಟಿದ್ರೆ ಮತ್ತೆ ಸರಿಯಾದ ಇಳಿದಾರಿ ಗ್ರೀಸ್‌ಕಾರ್‌ಶಾರ್ಟೆ ಅನ್ನೋ ತಗ್ಗಿನ ಹತ್ರಾನೇ. ನಡುವೆ ಮಿಟ್ಲರೆ, ಆಯ್ಸರೆ ಅನ್ನೋ ಮುಂದಿನ ಎರಡು ನೆತ್ತಿಗಳ ಮಧ್ಯ ಒಂದು ಪುಟ್ಟ ಬಿವಾಕ್ ಇದೆ (ತುರ್ತಿಗೆ ಒಳಗೆ ಸೇರ್ಕೊಳ್ಳೋ ಗೂಡು), ತಲುಪಿದ್ರೆ ಜೀವ ಉಳಿಯುತ್ತೆ, ಇಳಿಯೋಕೆ ದಾರಿ ಮಾತ್ರ ಅಲ್ಲ. ಹಾಗಾಗಿ ನಿಮ್ಮ ನಿರ್ಧಾರ ಎಲ್ಲಾ ಇನ್ನರೆ ನೆತ್ತಿ ಮೇಲೆ.

ಈಗಲೇ, ಮನೇಲಿ ಬೆಚ್ಚಗೆ ಕೂತಿರುವಾಗಲೇ ಒಂದು ಗಂಟೆ ಗೊತ್ತು ಮಾಡ್ಕೊಳ್ಳಿ. 8:30ಕ್ಕೆ ಇನ್ನರೆ ಮೇಲೆ ಇಲ್ಲ ಅಂದ್ರೆ ಚರ್ಚೆ ಬೇಡ, ಇಳೀರಿ. ಇನ್ನೊಂದು, ಹೊರಡುವಾಗ ವಾಚಿನ ಆಲ್ಟಿಮೀಟರ್ ಸರಿಯಾಗಿ 2962ಕ್ಕೆ ಇಟ್ಕೊಳ್ಳಿ. ಇನ್ನರೆ ಮೇಲೆ ಅದು 2741ಕ್ಕಿಂತ ಎಷ್ಟು ಜಾಸ್ತಿ ತೋರ್ಸುತ್ತೆ ನೋಡಿ. ಬೆಟ್ಟ ಬೆಳೆದಿರಲ್ಲ, ಗಾಳಿಯ ಒತ್ತಡ ಬಿದ್ದಿರುತ್ತೆ.

ಬಾದಾಮಿ_ಕೆಂಪುಕಲ್ಲು · ಗುರುವಾರ ರಾತ್ರಿ 11:02

ಅಕ್ಕಾರ, ನಮಸ್ಕಾರ್ರಿ. ನಾ ಹಿಮ ಮುಟ್ಟಿದಾಂವ ಅಲ್ಲ, ಬಾದಾಮಿ ಕಲ್ಲಿನ್ಯಾಗ ಹನ್ನೆರಡು ವರ್ಷ ಏರೇನಿ ಅಷ್ಟ. ಆದ್ರ ಇನ್ಸ್‌ಬ್ರುಕ್ ಅಣ್ಣಾರು ಹೇಳಿದ್ದು ಓದಿ ಒಂದು ನೆನಪಾತು. 1936ರಾಗ ಐಗರ್ ಗ್ವಾಡಿಮ್ಯಾಲ ನಾಕು ಮಂದಿ ಹುಡುಗ್ರು ಹೋಗಿದ್ರಲ್ರಿ, ನುಣ್ಣನ ಕಲ್ಲಿನ ಮ್ಯಾಲ ಅಡ್ಡ ದಾಟಿ ಹೋಗೂದು ಒಂದು ಜಾಗಾ, ಹಿಂಟರ್‌ಸ್ಟೋಯ್ಸರ್ ಅನ್ನಾಂವ ದಾಟಿದ, ಎಲ್ಲಾರೂ ಹಗ್ಗ ಹಿಡದು ದಾಟಿದ್ರು, ಆಮ್ಯಾಲ ಮುಂದ ಬೇಕಾಗ್ತೈತಿ ಅಂತ ಆ ಹಗ್ಗ ಎಳಕೊಂಡು ಹ್ವಾದ್ರು. ಹವಾ ಕೆಟ್ಟು ತಿರುಗಿ ಬಂದ್ರ ಕಲ್ಲಿನ ಮ್ಯಾಲ ಗಾಜಿನಂಥ ಬರ್ಫ. ಆ ಕಡೆಯಿಂದ ಈ ಕಡೆ ದಾಟಾಕ ಆಗ್ಲೇ ಇಲ್ಲ. ನಾಕೂ ಮಂದಿ ಹ್ವಾದ್ರು. ಕಡೀಗೆ ಉಳದ ಟೋನಿ ಕುರ್ಟ್ಸ್ ರಕ್ಷಣಾ ಮಂದಿ ಕೈಗೆ ಸಿಗೂ ಅಷ್ಟು ದೂರದಾಗ ಹಗ್ಗಕ್ಕ ಜೋತಾಡಕೋತ ಜೀವ ಬಿಟ್ಟ. ಹೋಗೂ ಮುಂದ ಸಸಾರ ಅನಿಸಿದ್ದು ಬರೂ ಮುಂದ ಸಸಾರ ಇರಂಗಿಲ್ರಿ, ಇಷ್ಟ ನನ್ನ ಮಾತು.

ಡಾಕ್ಟ್ರಮ್ಮ_ಕುಡ್ಲ · ಶುಕ್ರವಾರ ಬೆಳಿಗ್ಗೆ 7:15

ಹಗುರ ಬ್ಯಾಗ್ ಅಂತ ಹೇಳುದು ನೋಡಿ ಬರೀಬೇಕು ಅಂತ ಆಯ್ತು ಮಾರಾಯ್ರೆ. ಸೊನ್ನೆ ಡಿಗ್ರಿ ಉಂಟು, ಗಾಳಿ ಗಂಟೆಗೆ 60 ಕಿಲೋಮೀಟರ್ ಅಂತಾದ್ರೆ ಮೈಗೆ ಅದು ಮೈನಸ್ 9ರ ಹಾಗೆ ತಾಗ್ತದೆ. ಬಟ್ಟೆ ಒದ್ದೆ ಆದ್ರೆ ಆ ಲೆಕ್ಕವೂ ಇಲ್ಲ, ಅದಕ್ಕಿಂತ ಬೇಗ ಶಾಖ ಹೋಗ್ತದೆ. ಒಳಗಿನ ಉಷ್ಣತೆ 35ಕ್ಕಿಂತ ಕೆಳಗೆ ಬಂತಾ, ಮೊದ್ಲು ನಡುಕ, ಮತ್ತೆ ಬೆರಳು ಮಾತು ಕೇಳುದಿಲ್ಲ, ಮತ್ತೆ ನಾಲಗೆ ತೊದಲ್ತದೆ, ಕಾಲು ಎಡವ್ತದೆ. ನಡುಕ ನಿಂತ್ರೆ ಸರಿಯಾಯ್ತು ಅಂತ ಅಲ್ಲ, ಕೆಡ್ತಾ ಉಂಟು ಅಂತ ಅರ್ಥ. ಇದ್ರಲ್ಲಿ ಎಲ್ಲಕ್ಕಿಂತ ಹೆದರಿಕೆಯ ವಿಷಯ ಏನಂದ್ರೆ ತಣ್ಣಗಾಗುವವರಿಗೆ ತಾನು ತಣ್ಣಗಾಗ್ತಿದ್ದೇನೆ ಅಂತ ಗೊತ್ತಾಗುದಿಲ್ಲ, ಬುದ್ಧಿಯೂ ಒಟ್ಟಿಗೆ ನಿಧಾನ ಆಗ್ತದೆ. ಜೊತೆಯವರು ನೋಡ್ಬೇಕು. ಹತ್ತು ಹತ್ತು ನಿಮಿಷಕ್ಕೆ ಹೆಬ್ಬೆರಳು ಕಿರುಬೆರಳು ಮುಟ್ಟಿಸ್ಲಿಕ್ಕೆ ಹೇಳಿ, ಆಗದಿದ್ರೆ ನಿಲ್ಲಿಸಿ ಬೆಚ್ಚಗೆ ಮಾಡಿ. ಇಬ್ಬರಿಗೆ ಹಿಡಿಯುವ ಬಿವಿ ಸ್ಯಾಕ್ (ಗಾಳಿ ಚಳಿ ತಡೆಯುವ ದೊಡ್ಡ ಚೀಲ) ಅರ್ಧ ಕೇಜಿಯ ಆಸುಪಾಸು ತೂಗ್ತದೆ. ಅದನ್ನು ದಯಮಾಡಿ ಬಿಡ್ಬೇಡಿ.

ತುರಹಳ್ಳಿ_ಬಂಡೆ · ಶುಕ್ರವಾರ ಬೆಳಿಗ್ಗೆ 8:40

ಡಾಕ್ಟ್ರೇ ಗೌರವ ಇಟ್ಕೊಂಡೇ ಹೇಳ್ತೀನಿ, ಇದೇ ಅರ್ಧ ಕೇಜಿ ಅದೇ ಅರ್ಧ ಕೇಜಿ ಅಂತ ಸೇರ್ಸಿ ಸೇರ್ಸಿ ಬ್ಯಾಗ್ ಹತ್ತು ಕೇಜಿ ಆಗೋದು. ಬಿವಾಕ್ ಸಾಮಾನು ಹೊತ್ಕೊಂಡು ಹೋದ್ರೆ ಬಿವಾಕೇ ಮಾಡ್ಬೇಕಾಗುತ್ತೆ, ಅಂದ್ರೆ ರಾತ್ರಿ ಬೆಟ್ಟದಲ್ಲೇ ಕಳೀಬೇಕಾಗುತ್ತೆ ಅನ್ನೋದು ಬೆಟ್ಟದವ್ರ ಹಳೇ ಮಾತು.

ಇನ್ಸ್‌ಬ್ರುಕ್_ವಾಸಿ · ಶುಕ್ರವಾರ ಬೆಳಿಗ್ಗೆ 9:05

ತಮ್ಮಾ, ನಿನ್ನ ಉತ್ಸಾಹ ನಂಗಿಷ್ಟ. ಆದ್ರೆ ಸ್ಟೆಕ್‌ನ ಉದಾಹರಣೆ ಇಲ್ಲಿಗೆ ಹೊಂದಲ್ಲ. ಅವನು ಆ ಗೋಡೆನ ಹತ್ತಾರು ಸಲ ಹತ್ತಿದ್ದ, ಒಂದೊಂದು ಹಿಡಿತ ಬಾಯಿಪಾಠ, ವಾತಾವರಣ ಒಳ್ಳೇದಿರೋ ದಿನ ನೋಡಿ ಹೋಗಿದ್ದ. ಬಿರುಗಾಳಿ ಜೊತೆ ರೇಸ್ ಮಾಡಿದ್ದಲ್ಲ. ಅಂಥವನೂ 2017ರಲ್ಲಿ ನೇಪಾಳದ ನುಪ್ತ್ಸೆ ಬೆಟ್ಟದ ಮೇಲೆ ಬಿದ್ದು ತೀರ್ಕೊಂಡ. 2014ರ ಫೆಬ್ರವರಿಲಿ ಅಮೆರಿಕದ ಆರೋಹಿಗಳು ಕಾಲ್ಡ್‌ವೆಲ್ ಹೊನಾಲ್ಡ್ ಇಬ್ಬರೂ ಪೆಟಗೋನಿಯಾದಲ್ಲಿ ಫಿಟ್ಸ್ ರಾಯ್ ಏಣನ್ನ ಪೂರ್ತಿ ದಾಟಿದ್ರಲ್ಲ, ಅಲ್ಲೂ ಅಷ್ಟೇ, ಅಪರೂಪಕ್ಕೆ ಸಿಕ್ಕ ಒಳ್ಳೇ ದಿನಗಳನ್ನ ಕಾದು ಹಿಡಿದು ಐದು ದಿನ ಹೋದ್ರು. ವೇಗ ಅವ್ರಿಗೆ ಉಪಯೋಗಕ್ಕೆ ಬಂದಿದ್ದು ಒಳ್ಳೇ ಹವೆಯೊಳಗೆ ಕೆಲಸ ಮುಗಿಸೋಕೆ.

ಇನ್ನೊಂದು, ಆರು ಗಂಟೆ ಅನ್ನೋ ನಿನ್ನ ಲೆಕ್ಕ ಒಣಗಿದ ಕಲ್ಲಿಗೆ. ಅದೇ ಕಲ್ಲು ಒದ್ದೆಯಾದ ತಕ್ಷಣ ಬ್ಯಾಗಿಂದ ಹಗ್ಗ ತೆಗೆದು ಕಟ್ಕೋಬೇಕು, ಮೊದಲು ಇಬ್ಬರೂ ಒಟ್ಟಿಗೆ ನಡೀತಿದ್ದ ಕಡೆ ಈಗ ಒಬ್ಬರು ನಿಂತು ಒಬ್ಬರನ್ನ ಬಿಡ್ಬೇಕು, ವೇಗ ಅರ್ಧಕ್ಕಿಂತ ಕೆಳಗೆ ಬೀಳುತ್ತೆ. ಓಡ್ಬೇಕು ಅನ್ನೋ ಹೊತ್ತಿಗೇ ಓಡೋಕಾಗಲ್ಲ.

ಕೊಡಚಾದ್ರಿ_ಮಂಜು_ಮುಸುಕು · ಶುಕ್ರವಾರ ಮಧ್ಯಾಹ್ನ 1:25

ನಾನು ಸಾಮಾನ್ಯವಾಗಿ ಇಲ್ಲಿ ಓದ್ಕೊಂಡು ಸುಮ್ಮನಿರ್ತೀನಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಟ್ರೆಕ್‌ಗೆ ಹೋಗಿದ್ದ ನಮ್ಮ ಕರ್ನಾಟಕದ ತಂಡ ನೆನಪಿದೆ ಅಲ್ವಾ, 22 ಜನರ ಗುಂಪು, ಸರೋವರ ನೋಡಿ ಕ್ಯಾಂಪಿಗೆ ವಾಪಸ್ ಬರುವಾಗ ಹಿಮಗಾಳಿ ಹೊಡೀತು, ಒಂಬತ್ತು ಜನ ಬರ್ಲೇ ಇಲ್ಲ. ಆ ಎರಡು ದಿನ ನಾನು ಟಿವಿ ಮುಂದೆಯಿಂದ ಎದ್ದಿಲ್ಲ. ಅಲ್ಲಿ ಏಣಿಲ್ಲ ಗೋಡೆಯಿಲ್ಲ, ನಡೆಯೋ ದಾರಿ. ಆದ್ರೂ ಗಾಳಿ ಚಳಿ ಮಂಜು ಸೇರಿದ್ರೆ ಕ್ಯಾಂಪ್ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಅದೇ ಥರ 2018ರ ಏಪ್ರಿಲ್ ಕೊನೇಲಿ ಸ್ವಿಟ್ಜರ್‌ಲ್ಯಾಂಡಿನ ಪಿಞ್ ದಾರೊಲಾ ಬೆಟ್ಟದ ಹತ್ರ ಸ್ಕೀ ಹಾಕ್ಕೊಂಡು ಓಟ್ ರೂಟ್ ಅನ್ನೋ ಆಲ್ಪ್ಸ್ ದಾರಿ ದಾಟ್ತಿದ್ದವರು 14 ಜನ ರಾತ್ರಿಯೆಲ್ಲ ಬಯಲಲ್ಲಿ ಸಿಕ್ಕಿಹಾಕ್ಕೊಂಡ್ರು, ಏಳು ಜನ ಹೋದ್ರು, ಗುಡಿಸಲು ಕೆಲವೇ ನೂರು ಮೀಟರ್ ದೂರದಲ್ಲಿತ್ತು. ಮನೇಲಿ ಕಾಯ್ತಾ ಕೂತಿರೋವ್ರ ಮುಖ ಒಂದ್ಸಲ ನೆನಪು ಮಾಡ್ಕೊಳ್ಳಿ ಅಕ್ಕ, ಅಷ್ಟೇ ಕೇಳ್ಕೊಳ್ಳೋದು.

ಮಲೆನಾಡ_ಮಳೆ · ಶುಕ್ರವಾರ ಮಧ್ಯಾಹ್ನ 3:50

ಎಲ್ಲರಿಗೂ ಥ್ಯಾಂಕ್ಸ್, ಮನಸ್ಸಿಟ್ಟು ಓದಿದೀನಿ. ಕೇಬಲ್ ಕಾರ್ ಹತ್ತೋ ಐಬ್‌ಸೇಗೆ ಹೋಗೋ ಟ್ರೈನಲ್ಲಿದೀವಿ. ಗಾರ್ಮಿಶ್ ಕಿಟಕಿಯಿಂದ ಇಡೀ ಏಣು ಕಾಣ್ತಿದೆ, ಅಣ್ಣ ಹೇಳಿದ ಹಾಗೇ ಕೈಗೆ ಸಿಗೋ ಹಂಗೆ. ಬಿವಿ ಸ್ಯಾಕ್ ಬೆಳಿಗ್ಗೆ ತೆಗೆದಿಟ್ಟಿದ್ದೆ, ಡಾಕ್ಟ್ರಮ್ಮನ ಮಾತು ಓದಿ ಮತ್ತೆ ಒಳಗಿಟ್ಟೆ. 8:30ರ ಮಾತು ನನ್ನ ಜೊತೆಯವನಿಗೂ ಓದಿ ಹೇಳಿದೀನಿ, ಇಬ್ಬರೂ ಒಪ್ಪಿದೀವಿ. ಬಂದ್ಮೇಲೆ ಬರೀತೀನಿ.

ಬಾದಾಮಿ_ಕೆಂಪುಕಲ್ಲು · ಶನಿವಾರ ರಾತ್ರಿ 8:15

ಅಕ್ಕಾರ, ಇಳದ್ರೇನ್ರಿ? ಒಂದು ಮಾತು ಹಾಕ್ರಿ.

ಡಾಕ್ಟ್ರಮ್ಮ_ಕುಡ್ಲ · ಶನಿವಾರ ರಾತ್ರಿ 10:30

ನಾನೂ ನಾಲ್ಕು ಸಲ ಬಂದು ನೋಡಿ ಹೋದೆ. ಅಲ್ಲಿ ಮೇಲೆ ಹಿಮ ಬೀಳ್ತಾ ಉಂಟು ಅಂತ ವೆಬ್‌ಕ್ಯಾಮಲ್ಲಿ ಕಾಣ್ತದೆ.

ಮಲೆನಾಡ_ಮಳೆ · ಭಾನುವಾರ ಸಂಜೆ 6:20

ಇಬ್ಬರೂ ಕ್ಷೇಮ. ನಿನ್ನೆ ರಾತ್ರಿ ಕ್ನೋರ್‌ಹ್ಯೂಟೆಯಲ್ಲಿದ್ವಿ, ಫೋನ್ ಚಾರ್ಜ್ ಇರ್ಲಿಲ್ಲ, ಕಾಯಿಸಿದ್ದಕ್ಕೆ ಕ್ಷಮೆ ಇರ್ಲಿ. ಇವತ್ತು ರೈನ್‌ಟಾಲ್ ಕಣಿವೆ ಪೂರ್ತಿ ನಡೆದು ಗಾರ್ಮಿಶ್ ಸೇರಿದ್ವಿ. ಆಗಿದ್ದೆಲ್ಲ ಇದ್ದ ಹಾಗೆ ಬರೀತೀನಿ.

6:15ಕ್ಕೆ ಹೆಡ್‌ಲ್ಯಾಂಪ್ ಹಾಕ್ಕೊಂಡು ಹೊರಟ್ವಿ. ಗಾಳಿ ದಕ್ಷಿಣದಿಂದ ಬೆಚ್ಚಗೆ, ಕೈಗವಸೇ ಬೇಡ. ಸೂರ್ಯ ಹುಟ್ಟಿದಾಗ ಆಕಾಶದಲ್ಲಿ ಮೀನಿನ ಆಕಾರದ ಮೋಡ ನಾಲ್ಕೈದು, ನುಣ್ಣಗೆ, ಅಲ್ಲಾಡದೆ ನಿಂತಿದ್ವು, ಅದರ ಹಿಂದೆ ಪಶ್ಚಿಮದಲ್ಲಿ ಬೂದು ಬಣ್ಣದ ಒಂದು ಪಟ್ಟಿ. ನಾನು ನೋಡಿದೆ. ಫೋಟೋನೂ ತೆಗೆದೆ. ಇಳಿಯೋ ಒಂದು ಜಾಗದಲ್ಲಿ ನಮ್ಮ ಮುಂದೆ ಐದು ಜನರ ಗುಂಪು, ಅವ್ರು ಒಬ್ಬೊಬ್ಬರಾಗಿ ಹಗ್ಗದಲ್ಲಿ ಇಳಿಯೋವರೆಗೆ ಅರ್ಧ ಗಂಟೆ ಹೋಯ್ತು. ಅಲ್ಲಿ ನಿಂತಿರುವಾಗ ಇಬ್ಬರು ಹುಡುಗರು ರನ್ನಿಂಗ್ ಶೂಸ್ ಹಾಕ್ಕೊಂಡು ನಮ್ಮೆಲ್ಲರನ್ನೂ ದಾಟಿ ಓಡಿದ್ರು, ಅವ್ರ ಬೆನ್ನ ಮೇಲಿದ್ದ ಬ್ಯಾಗ್ ಟಿಫನ್ ಕ್ಯಾರಿಯರ್‌ನಷ್ಟಿತ್ತು.

ಇನ್ನರೆ ಮೇಲೆ ನಿಂತಾಗ 8:50. ಇಪ್ಪತ್ತು ನಿಮಿಷ ಲೇಟ್. ವಾಚ್ ನೋಡಿದ್ರೆ 2780. ಅಂದ್ರೆ 39 ಮೀಟರ್ ಜಾಸ್ತಿ. ಇಳಿದಾರಿ ಕಾಲ ಬುಡದಲ್ಲೇ ಇತ್ತು. ಮಾತಾಡಿದ ಪ್ರಕಾರ ಇಳೀಬೇಕಿತ್ತು.

ನಾವು ಇಳೀಲಿಲ್ಲ. ಬಿಸಿಲಿತ್ತು, ಮುಂದೆ ಆ ಇಬ್ಬರು ಹುಡುಗರು ಆಗ್ಲೇ ಮುಂದಿನ ನೆತ್ತಿ ಮೇಲೆ ಕಾಣ್ತಿದ್ರು, ಇಪ್ಪತ್ತು ನಿಮಿಷ ತಾನೇ, ಮುಂದೆ ಬೇಗ ಹೋದ್ರೆ ಸರಿಹೋಗುತ್ತೆ ಅಂತ ಅವನೂ ಅಂದ ನಾನೂ ಅಂದೆ. ಯಾರೂ ಯಾರನ್ನೂ ಬಲವಂತ ಮಾಡ್ಲಿಲ್ಲ, ಇಬ್ಬರಿಗೂ ಮುಂದೆ ಹೋಗೋ ಆಸೆ ಇತ್ತು, ಅಷ್ಟೆ. ಮಿಟ್ಲರೆ ಕಡೆ ಇಪ್ಪತ್ತೈದು ನಿಮಿಷ ಹೋದ್ವಿ. ಒಂದು ಚೂಪು ಕಲ್ಲಿನ ಮೇಲೆ ಕುದುರೆ ಸವಾರಿ ಥರ ಕಾಲು ಎರಡೂ ಕಡೆ ಇಳಿಬಿಟ್ಟು ಜರುಗ್ತಾ ಇದ್ದೆ, ಆಗ ಗಾಳಿ ಪೂರ್ತಿ ನಿಂತ್ಹೋಯ್ತು. ಬೆಳಿಗ್ಗೆಯಿಂದ ಕಿವಿಯಲ್ಲಿ ಮೊರೀತಿದ್ದ ಗಾಳಿ, ಸ್ವಿಚ್ ಆಫ್ ಮಾಡ್ದಂಗೆ. ಕೆಳಗೆ ರೈನ್‌ಟಾಲ್‌ನಲ್ಲಿ ನೀರು ಹರಿಯೋ ಸದ್ದು ಕೇಳಿಸ್ತು. ನಾನು ಅವನ ಮುಖ ನೋಡಿದೆ. ಅವನು "ಅಕ್ಕ, ವಾಪಸ್ ಹೋಗೋಣ" ಅಂದ. ನಾನು ಹೇಳ್ಬೇಕಾಗಿದ್ದ ಮಾತು ಅದು, ಅವನು ಹೇಳ್ದ.

ಬರೋಕೆ ಇಪ್ಪತ್ತೈದು ನಿಮಿಷ ಆಗಿದ್ದ ದಾರಿ ವಾಪಸ್ ಹೋಗೋಕೆ ನಲವತ್ತು ನಿಮಿಷ ಹಿಡೀತು. 9:55ಕ್ಕೆ ಇನ್ನರೆ ಬಿಟ್ಟು ಬ್ರುನ್‌ಟಾಲ್‌ಗ್ರಾಟ್ ಹಿಡಿದ್ವಿ. 10:45ಕ್ಕೆ ಬಂತು. ಪಶ್ಚಿಮದಿಂದ ಒಂದು ಗೋಡೆ ಥರ, ಮೊದಲು ತ್ಸುಗ್‌ಶ್ಪಿಟ್ಸೆ ಮಾಯ, ಆಮೇಲೆ ನಾವು ಬಿಟ್ಟು ಬಂದ ಏಣು ಮಾಯ, ಆಮೇಲೆ ಸಾಬಕ್ಕಿ ಕಾಳಿನಂಥ ಹಿಮದ ಹರಳು ಮುಖಕ್ಕೆ. ಹತ್ತು ನಿಮಿಷದಲ್ಲಿ ತಂತಿ ಹಗ್ಗದ ಮೇಲೆ ತೆಳ್ಳಗೆ ಐಸ್, ಹಿಡಿದ್ರೆ ಕೈಗವಸು ಜಾರುತ್ತೆ. ಒಂದು ಕಡೆ ಕ್ಯಾರಬೀನರ್ (ತಂತಿಗೆ ಸಿಕ್ಕಿಸೋ ಕೊಕ್ಕೆ) ಬಿಚ್ಚಿ ಮುಂದಿನ ತಂತಿಗೆ ಹಾಕೋಕೆ ಹೋದ್ರೆ ಹೆಬ್ಬೆರಳಿಗೆ ಗೇಟ್ ಒತ್ತೋಕೆ ಶಕ್ತಿ ಇಲ್ಲ. ಕ್ಯಾರಬೀನರ್ ಬಾಯಿಗೆ ಹಿಡ್ಕೊಂಡು ಎರಡೂ ಕೈಯಲ್ಲಿ ಒತ್ತಿದೆ. ಆಗ ತಂತಿಯಿಂದ ಗುಂಯ್ ಅಂತ ಸದ್ದು, ಜೇನುಗೂಡಿನ ಹತ್ರ ಕಿವಿ ಇಟ್ಟಂಗೆ, ಹೆಲ್ಮೆಟ್ ಒಳಗೆ ತಲೆ ಪೂರ್ತಿ ಜುಮ್ ಅಂತು. ಇಬ್ಬರೂ ತಂತಿ ಬಿಟ್ಟು ಏಣಿನ ನೆತ್ತಿಯಿಂದ ಪಕ್ಕಕ್ಕೆ ಸುಮಾರು ಇಪ್ಪತ್ತು ಮೀಟರ್ ಇಳಿದು, ಹಗ್ಗದಲ್ಲಿ ಒಂದು ಕಲ್ಲಿಗೆ ಕಟ್ಕೊಂಡು, ಬ್ಯಾಗ್ ಮೇಲೆ ಕಾಲು ಜೋಡಿಸಿ ಕುಕ್ಕರುಗಾಲಲ್ಲಿ ಕೂತು ಬಿವಿ ಸ್ಯಾಕ್ ಮೈಮೇಲೆ ಎಳ್ಕೊಂಡ್ವಿ. ಮಿಂಚು ಎರಡು ಸಲ, ಮಿಂಚಿಗೂ ಗುಡುಗಿಗೂ ನಡುವೆ ಮೂರು ಎಣಿಸೋಕೆ ಆಗ್ಲಿಲ್ಲ, ಅಂದ್ರೆ ಒಂದು ಕಿಲೋಮೀಟರ್ ಒಳಗೆ. ಆ ಕೆಂಪು ಬಟ್ಟೆಯೊಳಗೆ ಇಬ್ಬರ ಉಸಿರಿಗೆ ಬೆಚ್ಚಗಾಯ್ತು, ಬೆರಳು ಬೆರಳಿಗೆ ಮುಟ್ಟಿಸಿ ನೋಡಿದ್ವಿ, ಅವನದ್ದು ಮೊದಲ ಸಲ ಮುಟ್ಟಲಿಲ್ಲ, ಕಂಕುಳಲ್ಲಿ ಇಟ್ಕೊಂಡ ಮೇಲೆ ಮುಟ್ಟಿತು. ಇಪ್ಪತ್ತು ನಿಮಿಷ ಹಾಗೇ ಕೂತಿದ್ದು ಆಮೇಲೆ ಇಳಿದ್ವಿ. ಗುಡಿಸಲ ಬಾಗಿಲು ತೆಗೆದಾಗ 1:10. ಬೇಳೆ ಸಾರಿನ ಥರದ್ದೊಂದು ಸೂಪ್ ಕೊಟ್ರು, ಚಮಚ ಹಿಡಿಯೋಕಾಗದೆ ಬಟ್ಟಲು ಎತ್ತಿ ಕುಡಿದೆ.

ತುರಹಳ್ಳಿ_ಬಂಡೆ · ಭಾನುವಾರ ಸಂಜೆ 7:05

ಅಕ್ಕ ಓದಿ ಎದೆ ಹೊಡ್ಕೊಳ್ತು, ಸದ್ಯ ಇಬ್ಬರೂ ಬಂದ್ರಲ್ಲ. ಆ ಇಬ್ಬರು ಹುಡುಗರು ಏನಾದ್ರು? ಅವ್ರು ದಾಟಿದ್ರೆ ಅಂದ್ರೆ ಸ್ಪೀಡ್ ಕೆಲಸ ಮಾಡ್ತು ಅಂತಾನೇ ಅಲ್ವಾ?

ಮಲೆನಾಡ_ಮಳೆ · ಭಾನುವಾರ ಸಂಜೆ 7:30

ಅವ್ರ ಬಗ್ಗೆ ರಾತ್ರಿಯೆಲ್ಲ ಯೋಚ್ನೆ ಮಾಡ್ತಿದ್ದೆ, ನಿದ್ದೆ ಬರ್ಲಿಲ್ಲ. ಗುಡಿಸಲಿನವ್ರಿಗೆ ಹೇಳಿದ್ವಿ, ಅವ್ರು ವಿಚಾರಿಸಿದ್ರು. ಇಬ್ಬರೂ ಏಣಿನ ಮೇಲಿನ ಬಿವಾಕ್ ತಲುಪಿ ಒಳಗೆ ಸೇರ್ಕೊಂಡಿದ್ರಂತೆ. ಮಂಜಲ್ಲಿ ಹೆಲಿಕಾಪ್ಟರ್ ಹಾರೋಕಾಗಲ್ಲ, ಇವತ್ತು ಬೆಳಿಗ್ಗೆ ಮೋಡ ಸರಿದ ಮೇಲೆ ಅವ್ರನ್ನ ಎತ್ಕೊಂಡು ಬಂದ್ರು. ಒಬ್ಬನ ಬೆರಳ ತುದಿ ಬೆಳ್ಳಗಾಗಿತ್ತಂತೆ. ಬದುಕಿದಾರೆ, ನನಗೆ ಅಷ್ಟು ಸಾಕು. ಅವ್ರು ತಪ್ಪು ನಾವು ಸರಿ ಅಂತ ಹೇಳೋಕೆ ನನಗೆ ಬಾಯಿಲ್ಲ, ಯಾಕಂದ್ರೆ ನಾವೂ ಇಪ್ಪತ್ತೈದು ನಿಮಿಷ ಅವ್ರ ಹಿಂದೇನೇ ಹೋಗಿದ್ವಿ.

ಇನ್ಸ್‌ಬ್ರುಕ್_ವಾಸಿ · ಭಾನುವಾರ ರಾತ್ರಿ 8:40

ಮೊದಲು, ನೀವಿಬ್ಬರೂ ಬಂದ್ರಿ, ಮನಸ್ಸಿಗೆ ನೆಮ್ಮದಿ. ನಿನ್ನೆ ಇಲ್ಲಿ ಫ್ಯೋನ್ ಬಿದ್ದಾಗ ನಾನು ಬಾಲ್ಕನಿಯಲ್ಲಿದ್ದೆ, ನಿಮ್ಮ ನೆನಪೇ ಬಂತು.

ತಮ್ಮಂಗೆ ಒಂದು ಮಾತು. ಅವ್ರು ಬಿವಾಕ್ ತಲುಪಿದ್ರು ಅನ್ನೋದು ಅದೃಷ್ಟ ಚೆನ್ನಾಗಿತ್ತು ಅಂತ ತೋರ್ಸುತ್ತೆ, ಹೊರಟಿದ್ದು ಸರಿ ಅಂತ ತೋರ್ಸಲ್ಲ. ಫ್ರಂಟ್ ಅರ್ಧ ಗಂಟೆ ಮೊದಲು ಬಂದಿದ್ರೆ ಅವ್ರು ಬಯಲಲ್ಲಿ, ರನ್ನಿಂಗ್ ಶೂಸಲ್ಲಿ, ಐಸ್ ಮೇಲೆ. ಅವ್ರ ವೇಗ ಎಷ್ಟಿದ್ರೂ ಆ ಅರ್ಧ ಗಂಟೆ ಅವ್ರ ಕೈಯಲ್ಲಿರ್ಲಿಲ್ಲ.

ನಿಮ್ಮ 39 ಮೀಟರ್ ಬಗ್ಗೆ. ಆ ಎತ್ತರದಲ್ಲಿ ಹತ್ತು ಹನ್ನೊಂದು ಮೀಟರ್‌ಗೆ ಒಂದು ಹೆಕ್ಟೋಪಾಸ್ಕಲ್ (ಗಾಳಿ ಒತ್ತಡದ ಅಳತೆ) ಲೆಕ್ಕ, ಅಂದ್ರೆ ಎರಡೂವರೆ ಗಂಟೆಯಲ್ಲಿ ಮೂರೂವರೆ ಬಿದ್ದಿದೆ. ಗಂಟೆಗೆ ಒಂದಕ್ಕಿಂತ ಜಾಸ್ತಿ ಬಿದ್ರೆ ನಾನು ಆಕಾಶ ನೋಡೋದೂ ಇಲ್ಲ, ಇಳೀತೀನಿ. ನಿಮಗೆ ಮೀನು ಮೋಡ, ಬೂದು ಪಟ್ಟಿ, ವಾಚು, 8:50, ಎಲ್ಲಾ ಒಂದೇ ಮಾತು ಹೇಳ್ತಿದ್ವು. ಬಿಸಿಲು ಒಂದೇ ಬೇರೆ ಹೇಳ್ತಿತ್ತು. ಇದನ್ನ ಬೈಯೋಕೆ ಹೇಳ್ತಿಲ್ಲ, ನಾನು ವಾಪಸ್ ಬಂದ ಸಲಾನೂ ಹೀಗೇ ಒಂದು ಗಂಟೆ ಜಾಸ್ತಿ ಹೋಗಿದ್ದೆ.

ತಂತಿ ಬಿಟ್ಟು ಪಕ್ಕಕ್ಕೆ ಇಳಿದಿದ್ದು ತುಂಬಾ ಸರಿ. ಆ ತಂತಿ ನೂರಾರು ಅಡಿ ಉದ್ದದ ಕಬ್ಬಿಣ, ಸಿಡಿಲು ಎಲ್ಲೋ ಬಿದ್ರೂ ಅದರ ಮೂಲಕ ನಿಮ್ಮ ಸೊಂಟಕ್ಕೆ ಬರುತ್ತೆ. ಗುಂಯ್ ಅನ್ನೋ ಸದ್ದು ಕೇಳಿದ ಮೇಲೆ ಯೋಚ್ನೆ ಮಾಡೋಕೆ ಟೈಮ್ ಇರಲ್ಲ.

ಕೊಡಚಾದ್ರಿ_ಮಂಜು_ಮುಸುಕು · ಭಾನುವಾರ ರಾತ್ರಿ 9:10

ವಾಪಸ್ ಹೋಗೋಣ ಅಂತ ಮೊದಲು ಬಾಯಿಬಿಟ್ಟ ಆ ಮೈಸೂರಿನ ತಮ್ಮನಿಗೆ ನನ್ನ ಕಡೆಯಿಂದ ಒಂದು ದೊಡ್ಡ ನಮಸ್ಕಾರ ಹೇಳಿ. ಚಿಕ್ಕವರು ದೊಡ್ಡವರ ಮುಂದೆ ಆ ಮಾತು ಹೇಳೋದು ಎಷ್ಟು ಕಷ್ಟ ಅಂತ ನಂಗೊತ್ತು. ನಮ್ಮ ಗುಂಪಲ್ಲಿ ಎಷ್ಟೋ ಸಲ ಎಲ್ಲರಿಗೂ ಒಳಗೊಳಗೇ ಭಯ ಆಗಿರುತ್ತೆ, ಲೀಡರ್ ಹೇಳ್ಲಿ ಅಂತ ಕಾಯ್ತಾ ಇರ್ತೀವಿ, ಲೀಡರ್ ನಾವು ಸುಮ್ಮನಿರೋದು ನೋಡಿ ಸರಿ ಇದೆ ಅನ್ಕೊಂಡಿರ್ತಾರೆ.

ಡಾಕ್ಟ್ರಮ್ಮ_ಕುಡ್ಲ · ಭಾನುವಾರ ರಾತ್ರಿ 9:45

ಅವನ ಬೆರಳು ಈಗ ಹೇಗುಂಟು? ಮರಗಟ್ಟಿದ ಹಾಗೆ ಇನ್ನೂ ಆಗ್ತಿದ್ರೆ, ಬೊಬ್ಬೆ ಎದ್ದಿದ್ರೆ, ನಾಳೆಯೇ ತೋರಿಸ್ಲಿ. ಉಜ್ಜುದು ಬೇಡ, ಬೆಂಕಿ ಎದುರು ಹಿಡಿಯುದೂ ಬೇಡ, ಚರ್ಮಕ್ಕೆ ಬಿಸಿ ಗೊತ್ತಾಗುದಿಲ್ಲ, ಸುಟ್ಟುಹೋಗ್ತದೆ.

ಮಲೆನಾಡ_ಮಳೆ · ಭಾನುವಾರ ರಾತ್ರಿ 10:05

ಬೆರಳು ಸರಿಯಿದೆ ಡಾಕ್ಟ್ರೇ, ಬಣ್ಣ ಬಂದಿದೆ, ತುದಿ ಸ್ವಲ್ಪ ಚುರುಚುರು ಅಂತಾನೆ, ನಾಳೆ ತೋರ್ಸೋಕೆ ಹೇಳಿದೀನಿ.

ಒಂದು ವಿಷಯ ನನಗೆ ತುಂಬಾ ಕೊರೀತಿದೆ. ಬ್ರುನ್‌ಟಾಲ್‌ಗ್ರಾಟ್‌ನಲ್ಲಿ ಇಳಿಯೋದು ನಮಗೆ ಬರ್ತಾನೇ ಇರ್ಲಿಲ್ಲ. ಹತ್ತೋದಾದ್ರೆ ಕಣ್ಣಿನ ಮುಂದೆ ಕಲ್ಲು, ಕೈ ತಾನಾಗೇ ಹೋಗುತ್ತೆ. ಇಳಿಯುವಾಗ ಕಾಲಿಗೆ ಕಣ್ಣಿಲ್ಲ. ಒಂದು ಹತ್ತಡಿ ಜಾಗದಲ್ಲಿ ಮುಖ ಗೋಡೆ ಕಡೆ ಮಾಡಿ ನಿಂತು, ಕಾಲು ಕೆಳಗೆ ತಡವರಿಸ್ತಾ, ಐದು ನಿಮಿಷ ಹಾಗೇ ನಿಂತಿದ್ದೆ. ಆರು ವರ್ಷದಲ್ಲಿ ಜಿಮ್ಮಲ್ಲಿ ಹತ್ತಿದ್ದೇ ಹತ್ತಿದ್ದು, ಪ್ರತಿ ಸಲ ಹಗ್ಗದಲ್ಲಿ ಕೂತು ಕೆಳಗೆ ಬಂದಿದೀನಿ.

ಬಾದಾಮಿ_ಕೆಂಪುಕಲ್ಲು · ಭಾನುವಾರ ರಾತ್ರಿ 10:40

ಅಕ್ಕಾರ, ಇದು ನೀವೊಬ್ಬರ ಕತಿ ಅಲ್ರಿ, ನಾವೆಲ್ಲಾರೂ ಹಂಗ. ನಮಗ ಕಲಿಸಿದಾಂವ ಒಬ್ಬ ಹಳೇ ಮನಷ್ಯಾ ಇದ್ದ, ಏರಿದ ಮ್ಯಾಲ ಹಗ್ಗದಾಗ ಇಳಿಯಾಕ ಬಿಡ್ತಿರ್ಲಿಲ್ಲ, ಏರಿದ್ದೆಲ್ಲಾ ಕೈಕಾಲಿಂದ ಇಳೀಬೇಕು, ಮ್ಯಾಲಿಂದ ಅಂವ ಹಗ್ಗ ಹಿಡದಿರ್ತಿದ್ದ. ಸೊಂಟದಿಂದ ಮ್ಯಾಗಿನ ಮೈ ಗ್ವಾಡಿಯಿಂದ ದೂರ ಇಡ್ರಿ, ಆಗ ಕಾಲಿನ ಸಂದ್ಯಾಗಿಂದ ಕೆಳಗಿನ ಕಲ್ಲು ಕಾಣ್ತೈತಿ. ಕೈ ಎದಿ ಮಟ್ಟಕ್ಕ ಇರ್ಲಿ, ಮ್ಯಾಲ ಚಾಚಬ್ಯಾಡ್ರಿ. ಒಂದು ಕಾಲು ಗಟ್ಟಿ ಕುಂತ ಮ್ಯಾಲ ಕೈ ಬಿಡ್ರಿ.

ತುರಹಳ್ಳಿ_ಬಂಡೆ · ಭಾನುವಾರ ರಾತ್ರಿ 11:15

ನಾನು ಯೋಚ್ನೆ ಮಾಡ್ತಿದ್ದೆ, ನಾನು ಇಲ್ಲಿವರೆಗೆ ತುರಹಳ್ಳಿಯಲ್ಲಿ ಯಾವ ಬಂಡೆನೂ ಪೂರ್ತಿ ಇಳಿದಿಲ್ಲ, ಹಿಂದ್ಗಡೆಯಿಂದ ನಡ್ಕೊಂಡು ಬರ್ತೀನಿ. ಅಕ್ಕಂಗೆ ಹೋಗಿ ಅಂತ ಮೊದಲು ಬರೆದವನೂ ನಾನೇ, ಅದು ಮನಸ್ಸಲ್ಲಿ ಕೂತಿದೆ. ಬರೋ ಭಾನುವಾರ ಬೆಳಿಗ್ಗೆ 6:30ಕ್ಕೆ ತುರಹಳ್ಳಿಯಲ್ಲಿ ಬರೀ ಇಳಿಯೋದನ್ನೇ ಪ್ರಾಕ್ಟೀಸ್ ಮಾಡೋಣ ಅಂತ, ಮೇಲಿಂದ ಹಗ್ಗ ಕಟ್ಟಿ. 40 ಮೀಟರ್ ಹಗ್ಗ ನನ್ನ ಹತ್ರ ಇದೆ, ಸ್ಲಿಂಗ್ ಯಾರಾದ್ರೂ ತನ್ನಿ. ಬಾದಾಮಿ ಅಣ್ಣ, ಬೆಂಗಳೂರಿಗೆ ಬರೋದಿದ್ರೆ ನಮ್ಮನೇಲೇ ಉಳ್ಕೊಳ್ಳಿ.

ಬಾದಾಮಿ_ಕೆಂಪುಕಲ್ಲು · ಭಾನುವಾರ ರಾತ್ರಿ 11:32

ಶನಿವಾರ ರಾತ್ರಿ ಗೋಲ್ ಗುಂಬಜ್ ಗಾಡಿ ಹತ್ತತೀನಿ ತಮ್ಮಾ. ಆದ್ರ ಅದು ಮುಂಜಾನೆ ಲೇಟಾಗಿ ಮುಟ್ಟತೈತಿ, 6:30 ಆಗೂದಿಲ್ಲ, ಒಂದು ತಾಸು ಮುಂದ ಹಾಕ್ರಿ. ಸ್ಲಿಂಗ್ ನಾ ತರ್ತೀನಿ.